ಮೂರನೇ ಬಡಿತ

1961ರಲ್ಲಿ ನಾನು ಕೋಲಾರ ಚಿನ್ನದ ಗಣಿ ಪ್ರದೇಶದ ಒಂದು ಆಸ್ಪತ್ರೆಯಲ್ಲಿ ಹೊರರೋಗಿಗಳ ವಿಭಾಗದ ಸಿಸ್ಟರ್ ಆಗಿದ್ದೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿ ನಡೆದ ತಪ್ಪು ಆಸ್ಪತ್ರೆಯದಲ್ಲ, ನನ್ನದು. ಆಗ ನನಗೆ ಮೂವತ್ತೆರಡು ವರ್ಷ. ಊರು ಬೂದಿಕೋಟೆ. ಒಂಬತ್ತು ವರ್ಷ ವಾರ್ಡುಗಳಲ್ಲಿ ದುಡಿದ ಮೇಲೆ ಈ ಕುರ್ಚಿ ಸಿಕ್ಕಿತ್ತು. ಚಿಕ್ಕಂದಿನಲ್ಲಿ ಅಜ್ಜಿ ಹುಣಿಸೇಮರದ ದೆವ್ವದ ಕಥೆ ಹೇಳಿದರೆ, "ಅದು ಊಟಕ್ಕೇನು ಮಾಡುತ್ತೆ?" ಎಂದು ಕೇಳಿ ಬೈಸಿಕೊಂಡವಳು ನಾನು. ಸರ್ಜನ್ ಸಾಹೇಬರ ಹುಬ್ಬು ಗಂಟಿಕ್ಕಿದರೆ ಹೆದರುತ್ತಿದ್ದೆನೇ ಹೊರತು ದೆವ್ವಕ್ಕಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಓದುವವರು ನನ್ನನ್ನು ಪುಕ್ಕಲಿ ಎಂದುಕೊಳ್ಳಬಾರದು.

ನಮ್ಮ ವಿಭಾಗವೆಂದರೆ ಒಂದು ಉದ್ದನೆಯ ಓಣಿ. ಒಂದು ಬದಿಗೆ ಡ್ರೆಸಿಂಗ್ ಕೋಣೆ, ಎಕ್ಸ್‌ರೇ, ವ್ಯಾಯಾಮದ ಕೋಣೆ, ಎದೆ ಪರೀಕ್ಷೆಯ ಕೋಣೆ. ಎದುರು ಬದಿಯ ಗೋಡೆಗೆ ಒಂದು ಉದ್ದನೆಯ ಬೆಂಚು. ಬೆಂಚಿನ ಹಿಂದೆ, ಕೂತವರ ಭುಜದ ಎತ್ತರಕ್ಕೆ, ಹಸಿರು ಬಣ್ಣ ಬಳಿದ ಹಳೆಯ ಕಬ್ಬಿಣದ ನೀರಿನ ಪೈಪು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಹೋಗುತ್ತಿತ್ತು. ಕೊನೆಯಲ್ಲಿ ರೋಗಿಗಳ ಪಾತ್ರೆ ತೊಳೆಯುವ ಕೋಣೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದರೆ ಹನ್ನೆರಡಕ್ಕೆ ಮುಚ್ಚುತ್ತಿದ್ದೆವು. ಜವಾನ ದೊರೆಸ್ವಾಮಿ ಚೀಟಿ ನೋಡಿ ಹೆಸರು ಕೂಗುತ್ತಿದ್ದ. ಎರಡು ಸಲ ಕೂಗಿದಾಗ ಏಳದವರ ಚೀಟಿ ಕಟ್ಟಿನ ಅಡಿಗೆ ಹೋಗುತ್ತಿತ್ತು. ಅಡಿಗೆ ಹೋದ ಚೀಟಿ ಮತ್ತೆ ಮೇಲೆ ಬರುವಷ್ಟರಲ್ಲಿ ಎಷ್ಟೋ ಸಲ ಹನ್ನೆರಡು ಹೊಡೆದಿರುತ್ತಿತ್ತು.

ಓದು ಬಾರದ ಗಣಿ ಕೆಲಸಗಾರರಿಗೆ ಯಾವ ದಿನ ಯಾವ ಕೋಣೆ ಎಂದು ನೆನಪಿಡುವುದು ಕಷ್ಟವಾಗಿತ್ತು. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಕಾರ್ಡಿನ ಅಂಚಿನಲ್ಲಿ ವಾರದ ಆರು ದಿನಕ್ಕೆ ಆರು ಮನೆ. ಡ್ರೆಸಿಂಗಿಗೆ ಒಂದು ತೂತು, ಎಕ್ಸ್‌ರೇಗೆ ಎರಡು, ವ್ಯಾಯಾಮಕ್ಕೆ ಮೂರು, ಎದೆ ಪರೀಕ್ಷೆಗೆ ನಾಲ್ಕು. ಬೆರಳಿಟ್ಟು ನೋಡಿದರೆ ಸಾಕು, ಗೊತ್ತಾಗಿಬಿಡುತ್ತಿತ್ತು. ಸರ್ಜನ್ ಸಾಹೇಬರು ಅದನ್ನು ನೋಡಿ ಒಮ್ಮೆ ತಲೆಯಾಡಿಸಿದ್ದರು. ಅಷ್ಟಕ್ಕೇ ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಆ ವರ್ಷ ಜುಲೈನ ಒಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ನೆಲ ನಡುಗಿತು. ಆಳದಲ್ಲಿ ಬಂಡೆ ತನ್ನ ಮೇಲಿನ ಭಾರ ತಾಳಲಾರದೆ ಒಮ್ಮೆಲೇ ಸಿಡಿಯುವುದಕ್ಕೆ ಗಣಿಯವರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಅದು ಹೊಸದಲ್ಲ. ತಿಂಗಳಿಗೆ ಒಂದೆರಡು ಸಲ ಅಡುಗೆಮನೆಯ ಪಾತ್ರೆಗಳು ಗಲಗಲ ಎನ್ನುತ್ತಿದ್ದವು, ಹೆಂಗಸರು ಒಂದು ಕ್ಷಣ ಕೈ ನಿಲ್ಲಿಸಿ, ಯಾರ ಗಂಡ ಯಾವ ಪಾಳಿಯಲ್ಲಿದ್ದಾನೆಂದು ಲೆಕ್ಕ ಹಾಕಿ, ಮತ್ತೆ ಒಗ್ಗರಣೆಗೆ ಕೈ ಹಾಕುತ್ತಿದ್ದರು. ಈ ಸಲ ನನ್ನ ಟ್ರೇಯಲ್ಲಿದ್ದ ಸಿರಿಂಜುಗಳು ನಡುಗಿ, ನಿಂತು, ಮತ್ತೆ ನಡುಗಿದವು. ಹತ್ತು ನಿಮಿಷದಲ್ಲಿ ಸಂಗು ಊದಿತು. ನಮ್ಮ ಕಡೆ ಗಣಿಯ ಸೈರನ್ನಿಗೆ ಎಲ್ಲರೂ ಸಂಗು ಎಂದೇ ಹೇಳುವುದು. ಪಾಳಿಯ ಹೊತ್ತಲ್ಲದ ಹೊತ್ತಿನಲ್ಲಿ ಅದು ಊದಿದರೆ ಊರಿಗಾಂನಲ್ಲಿ ನಾಯಿಗಳೂ ಸುಮ್ಮನಾಗುತ್ತಿದ್ದವು.

ಕುಸಿದ ಜಾಗದಲ್ಲಿ ಇಬ್ಬರಿದ್ದರು. ಒಬ್ಬ ಕ್ಯಾಸಂಬಳ್ಳಿ ಕಡೆಯ ಮುನಿವೆಂಕಟಪ್ಪ, ಇನ್ನೊಬ್ಬ ಅವನ ಜೊತೆಗಾರ ಪೆರುಮಾಳ್. ಹತ್ತು ವರ್ಷದಿಂದ ಒಂದೇ ಜೋಡಿಯಾಗಿ ಕೆಲಸ ಮಾಡಿದವರು. ಮರುದಿನ ಮಧ್ಯಾಹ್ನ ಎರಡರ ಸುಮಾರಿಗೆ ಮುನಿವೆಂಕಟಪ್ಪನನ್ನು ಹೊತ್ತು ತಂದರು. ಎಡಗಾಲು ಮೊಣಕಾಲಿನ ಕೆಳಗೆ ಬಂಡೆಗೆ ಸಿಕ್ಕಿ ಮೂಳೆ ಹೊರಗೆ ಕಾಣುತ್ತಿತ್ತು. ಎರಡೂ ಕಿವಿಯಿಂದ ರಕ್ತ ಬಂದು ಒಣಗಿತ್ತು. ನೋವಿಗೆಂದು ಕೆಳಗೇ ಇಂಜೆಕ್ಷನ್ ಕೊಟ್ಟಿದ್ದರಿಂದ ದಾರಿಯುದ್ದಕ್ಕೂ ಅವನು ಮಾತಾಡಿರಲಿಲ್ಲ. ನಾನು ಬಟ್ಟೆ ಕತ್ತರಿಸುತ್ತಿದ್ದಾಗ ಕಣ್ಣು ಬಿಟ್ಟ. ನನ್ನ ಮಣಿಕಟ್ಟು ಹಿಡಿದುಕೊಂಡ.

"ಪೆರುಮಾಳಣ್ಣ ಇನ್ನಾ ಬಡೀತಾವ್ನೆ ಕಣಮ್ಮಾ. ಎರಡು ಬಡೀತಾನೆ, ಸುಮ್ಕಾಗ್ತಾನೆ, ಆಮ್ಯಾಕೆ ಒಂದು. ಪೈಪಿನ ಮೇಲೆ. ಓಗಿ ಅವ್ರಿಗೆ ತಿಳ್ಸಿ."

ನಾನು, "ಯಾರು? ಎಲ್ಲಿ?" ಎಂದು ಅವನ ಕಿವಿಯ ಹತ್ತಿರ ಕಿರುಚಿದೆ. ಅವನಿಗೆ ಏನೂ ಕೇಳಿಸಲಿಲ್ಲ. ಅದೇ ಮಾತನ್ನು ಮತ್ತೆ ಹೇಳಿದ. ಕಿವಿ ಹರಿದ ಮನುಷ್ಯನಿಗೆ ಗಣಿಯೊಳಗಿನ ಪೈಪಿನ ಬಡಿತ ಹೇಗೆ ಕೇಳೀತು ಎಂದು ನನ್ನ ಬುದ್ಧಿ ಕೇಳಿತು. ಬುದ್ಧಿಗೆ ಉತ್ತರವೂ ಹೊಳೆಯಿತು. ಕೇಸ್ ಷೀಟಿನಲ್ಲಿ, ರೋಗಿಯ ಸ್ಥಿತಿ ಎಂಬ ಸಾಲಿನಲ್ಲಿ, ಇಂಗ್ಲಿಷಿನಲ್ಲಿ ಒಂದು ಪದ ಬರೆದೆ: ಡೆಲಿರಿಯಸ್. ಜ್ವರದ ತಾಪಕ್ಕೋ ಮದ್ದಿನ ಅಮಲಿಗೋ ರೋಗಿ ಬಡಬಡಿಸುವುದಕ್ಕೆ ಆ ಹೆಸರು. ಸ್ಟ್ರೆಚರ್ ತಂದವರು ಇನ್ನೂ ಬಾಗಿಲಲ್ಲಿ ನಿಂತು ಬೆವರೊರೆಸಿಕೊಳ್ಳುತ್ತಿದ್ದರು. ಅವರಿಗೆ ನಾನು ಏನೂ ಹೇಳಲಿಲ್ಲ.

ಆಪರೇಷನ್ ನಾಲ್ಕು ಗಂಟೆ ನಡೆಯಿತು. ಆಮೇಲೆ ಮೂರು ದಿನ ಅವನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಕೆಳಗೆ ಪೆರುಮಾಳನಿಗಾಗಿ ಹುಡುಕುತ್ತಿದ್ದವರು ಹಲವು ಸಲ ಕೆಲಸ ನಿಲ್ಲಿಸಿ ಕಿವಿಗೊಟ್ಟು ಆಲಿಸಿದರಂತೆ. ಯಾವ ಸದ್ದೂ ಬರಲಿಲ್ಲ. ಮೇಲಿನಿಂದ ಬಂಡೆ ಮತ್ತೆ ಮತ್ತೆ ಉದುರುತ್ತಿತ್ತು. ಶನಿವಾರ ಸಂಜೆ ಆ ಜಾಗವನ್ನು ಮುಚ್ಚಿದರು. ಪೆರುಮಾಳನ ದೇಹ ಮೇಲೆ ಬರಲೇ ಇಲ್ಲ. ಗಣಿಗಿಳಿಯುವಾಗ ಪ್ರತಿಯೊಬ್ಬನೂ ನಂಬರಿನ ಒಂದು ಹಿತ್ತಾಳೆ ಬಿಲ್ಲೆ ಒಯ್ಯುತ್ತಾನೆ, ಮೇಲೆ ಬಂದಾಗ ಹಲಗೆಯ ಮೊಳೆಗೆ ಅದನ್ನು ತೂಗುಹಾಕುತ್ತಾನೆ. ಪೆರುಮಾಳನ ಮೊಳೆ ಖಾಲಿ ಇತ್ತು.

ಐದು ವಾರದ ನಂತರ ಮುನಿವೆಂಕಟಪ್ಪನನ್ನು ವಾರ್ಡಿನಿಂದ ಬಿಡುಗಡೆ ಮಾಡಿದರು. ಹಾಸಿಗೆಗಳು ಸಾಲುತ್ತಿರಲಿಲ್ಲ. ಊರಿಗಾಂನಲ್ಲಿ, ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಅವನ ಅಕ್ಕನಿದ್ದಳು, ಅಲ್ಲಿ ಉಳಿದುಕೊಂಡ. ಹೆಂಡತಿ ಹಳ್ಳಿಯಲ್ಲಿ ಕೂಲಿಗೆ ಹೋಗುತ್ತಿದ್ದಳು, ಭಾನುವಾರ ಮಾತ್ರ ಬಸ್ಸಿಗೆ ಬಂದು ಹೋಗುವಳು. ಕಾಲಿಗೆ ಪ್ಲಾಸ್ಟರು ಹಾಕಿ, ಗಾಯ ತೊಳೆಯಲು ಅದರಲ್ಲೊಂದು ಕಿಟಕಿ ಕತ್ತರಿಸಿದ್ದರು. ಅವನ ಕಾರ್ಡಿಗೆ ನಾನು ಹಾಕಿದಷ್ಟು ತೂತು ಯಾರ ಕಾರ್ಡಿಗೂ ಹಾಕಿರಲಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಡ್ರೆಸಿಂಗ್. ಮಂಗಳವಾರ ಎಕ್ಸ್‌ರೇ. ಗುರುವಾರ ವ್ಯಾಯಾಮ. ತಿಂಗಳಿಗೊಮ್ಮೆ, ಹದಿನೈದು ವರ್ಷದ ಬಂಡೆಧೂಳು ಕುಡಿದ ಶ್ವಾಸಕೋಶದ ಪರೀಕ್ಷೆ. ಇದು ಸಾಲದೆಂಬಂತೆ ಶನಿವಾರ ಬಂಗಾರಪೇಟೆಗೆ ಬರುತ್ತಿದ್ದ ಕಿವಿ ಡಾಕ್ಟರು. ಗಟ್ಟಿಮುಟ್ಟಾದ ಮನುಷ್ಯನಿಗೇ ಇಷ್ಟು ಓಡಾಟ ಸಾಕಪ್ಪಾ ಅನ್ನಿಸುತ್ತದೆ, ಅವನಂತೂ ಎರಡು ಊರುಗೋಲಿನ ಮೇಲೆ ತೂಗಾಡಿಕೊಂಡು ಬರಬೇಕಿತ್ತು.

ಸರ್ಜನ್ ಸಾಹೇಬರು ನನ್ನನ್ನು ಕರೆದು ಹೇಳಿದರು: "ಸಿಸ್ಟರ್, ಎರಡು ತಿಂಗಳು ಈ ಗಾಯ ಶುದ್ಧವಾಗಿರಬೇಕು. ಕೀವು ಮೂಳೆಗೆ ಇಳಿದರೆ ನಾನು ಕಾಲು ತೆಗೆಯುತ್ತೇನೆ. ಒಂದು ಡ್ರೆಸಿಂಗೂ ತಪ್ಪಕೂಡದು."

ಮೊದಲ ವಾರವೇ ಎರಡು ತಪ್ಪಿತು. ಅವನು ಬಂದಿದ್ದ, ಎಂಟಕ್ಕೇ ಬಂದು ಬೆಂಚಿನ ಮೇಲೆ ಕೂತಿದ್ದ. ದೊರೆಸ್ವಾಮಿ ಕೂಗಿದ, ಅವನು ಏಳಲಿಲ್ಲ, ಚೀಟಿ ಅಡಿಗೆ ಹೋಯಿತು. ದಿನಕ್ಕೆ ಇನ್ನೂರಕ್ಕೂ ಹೆಚ್ಚು ಚೀಟಿ ಇರುವಲ್ಲಿ, ಏಳದವನ ಹತ್ತಿರ ಹೋಗಿ ಮುಟ್ಟಿ ಎಬ್ಬಿಸುವುದು ಯಾರ ಕೆಲಸವೂ ಆಗಿರಲಿಲ್ಲ. ಅವನು ಎದುರಿನವರ ಮುಖ ನೋಡಿ ತಲೆಯಾಡಿಸುತ್ತಿದ್ದುದರಿಂದ ಸ್ವಲ್ಪ ಕೇಳಿಸುತ್ತದೆ ಎಂದೇ ಎಲ್ಲರೂ ತಿಳಿದಿದ್ದೆವು. ನನ್ನ ತೂತಿನ ಕಾರ್ಡು ಅವನನ್ನು ಬೆಂಚಿನವರೆಗೆ ತಂದಿತು. ಬೆಂಚಿನಿಂದ ಬಾಗಿಲವರೆಗಿನ ಐದು ಹೆಜ್ಜೆಗೆ ನನ್ನಲ್ಲಿ ಉಪಾಯವಿರಲಿಲ್ಲ. ಶುಕ್ರವಾರ ಪ್ಲಾಸ್ಟರಿನ ಕಿಟಕಿ ತೆರೆದಾಗ ವಾಸನೆ ಬಂತು. ಸರ್ಜನ್ ಸಾಹೇಬರು ಅದನ್ನು ಮೂಸಿ, ನನ್ನನ್ನು ನೋಡಿ, ಹೊರಟುಹೋದರು.

ಎರಡನೇ ವಾರ ಸೋಮವಾರ ವಿಚಿತ್ರವೊಂದು ನಡೆಯಿತು. ದೊರೆಸ್ವಾಮಿ "ಮುನಿವೆಂಕಟಪ್ಪಾ" ಎಂದು ಬಾಯಿ ತೆರೆಯುವುದಕ್ಕೂ ಅವನು ಊರುಗೋಲು ಊರಿ ಏಳುವುದಕ್ಕೂ ಸರಿಹೋಯಿತು. ಮಂಗಳವಾರ ಎಕ್ಸ್‌ರೇಗೂ ಹಾಗೇ. ಬುಧವಾರ ನಾನೇ ಗಮನಿಸಿದೆ. ದೊರೆಸ್ವಾಮಿ ಚೀಟಿ ಕೈಗೆತ್ತಿಕೊಂಡಿದ್ದನಷ್ಟೇ, ಇನ್ನೂ ಕೂಗಿರಲಿಲ್ಲ. ಮುನಿವೆಂಕಟಪ್ಪ ನೆಲ ನೋಡುತ್ತಾ ಕೂತಿದ್ದವನು ಎದ್ದು ನಿಂತ. ಕಿವಿ ವಾಸಿಯಾಗುತ್ತಿದೆ ಎಂದು ನಾನು ಹಿಗ್ಗಿದೆ. ಅವನು ಬೆಂಚಿನ ಮೇಲೆ ತನ್ನ ಬಲಗಡೆ ಒಬ್ಬರು ಕೂರುವಷ್ಟು ಜಾಗ ಯಾವಾಗಲೂ ಬಿಟ್ಟೇ ಕೂರುತ್ತಿದ್ದುದು ಕಣ್ಣಿಗೆ ಬಿತ್ತು, ಆದರೆ ಅದಕ್ಕೆ ನಾನು ಬೆಲೆ ಕೊಡಲಿಲ್ಲ.

ಆ ಶನಿವಾರ ಊರಿಗಾಂನಿಂದ ರೈಲಿನಲ್ಲಿ ಅವನನ್ನೂ ಇನ್ನಿಬ್ಬರನ್ನೂ ಬಂಗಾರಪೇಟೆಗೆ ಕರೆದುಕೊಂಡು ಹೋದೆ. ಕಿವಿ ಡಾಕ್ಟರು ಸ್ಟೇಷನ್ನಿಗೆ ಹತ್ತಿರದ ಒಂದು ಮನೆಯ ಮುಂಭಾಗದಲ್ಲಿ ನೋಡುತ್ತಿದ್ದರು. ಹಜಾರದಲ್ಲಿ ಕೂತಿದ್ದಾಗ ಕಾಂಪೌಂಡರ್ ಅವನ ಹೆಸರು ಕೂಗಿದ. ಅವನು ಏಳಲಿಲ್ಲ. ಮತ್ತೆ ಕೂಗಿದ. ಮುನಿವೆಂಕಟಪ್ಪ ಬೀದಿಯಲ್ಲಿ ಹೋಗುತ್ತಿದ್ದ ಜಟಕಾ ನೋಡುತ್ತಾ ಕೂತಿದ್ದ. ಒಳಗೆ ಡಾಕ್ಟರು ಶ್ರುತಿಕವೆಯನ್ನು ಮಿಡಿದು ಕಿವಿಯ ಹತ್ತಿರ ಹಿಡಿದರು, ಗಂಟೆ ಬಾರಿಸಿದರು, ಕೊನೆಗೆ ಅವನ ಬೆನ್ನ ಹಿಂದೆ ಸ್ಟೀಲಿನ ಟ್ರೇಯನ್ನು ಕಲ್ಲುನೆಲಕ್ಕೆ ಕೆಡವಿದರು. ನಾನು ಬೆಚ್ಚಿದೆ. ಅವನ ರೆಪ್ಪೆ ಕೂಡ ಅಲುಗಲಿಲ್ಲ.

"ಪೂರ್ತಿ ಹೋಗಿದೆ ಸಿಸ್ಟರ್. ಎರಡೂ. ಇನ್ನು ಬರುವುದೂ ಇಲ್ಲ," ಎಂದರು ಡಾಕ್ಟರು.

ಹಿಂತಿರುಗುವಾಗ ರೈಲಿನಲ್ಲಿ ಎದುರಿಗೆ ಕೂತು ಅವನ ಮುಖ ನೋಡುತ್ತಿದ್ದೆ. ಚಿನ್ನ ತೆಗೆದುಳಿದ ಕಲ್ಲುಪುಡಿಯ ಸಯನೈಡ್ ದಿಬ್ಬಗಳು ಬೆಳ್ಳಗೆ ಕಾಣತೊಡಗಿದಾಗ, ಕೈಸನ್ನೆ ಮಾಡಿ ಕೇಳಿದೆ: ಆಸ್ಪತ್ರೆಯಲ್ಲಿ ಕರೆದದ್ದು ನಿನಗೆ ಹೇಗೆ ಗೊತ್ತಾಗುತ್ತದೆ? ಕಿವುಡರು ಮಾತಾಡುವಂತೆ ಅವನು ಡಬ್ಬಿಯೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದ:

"ಪೆರುಮಾಳಣ್ಣ ಕರೀತಾನಲ್ಲಮ್ಮಾ. ಎರಡು ಬಡೀತಾನೆ, ಆಮ್ಯಾಕೆ ಒಂದು. ಯೋಳಲಿಲ್ವಾ ನಿಮ್ಗೆ ಅವತ್ತೇ?"

ಹಾಡುಹಗಲು, ಡಬ್ಬಿ ತುಂಬ ಜನ, ಕಡಲೆಕಾಯಿ ಸಿಪ್ಪೆ, ಅಳುವ ಮಕ್ಕಳು. ಆದರೂ ಅವನ ಮುಖ ನೋಡಲಾರದೆ ನಾನು ಕಿಟಕಿಯ ಕಡೆ ತಿರುಗಿದೆ.

ಡಬ್ಬಿಯಲ್ಲಿ ಕೇಳಿದವರು ಸುಮ್ಮನಿರುತ್ತಾರೆಯೇ? ಊರ ಬಾಯಿಗೆ ಹೊಲಿಗೆ ಹಾಕಲು ನಮ್ಮ ಸರ್ಜನ್ ಸಾಹೇಬರಿಗೂ ಬರುತ್ತಿರಲಿಲ್ಲ. ಸೋಮವಾರದ ಹೊತ್ತಿಗೆ ಮಾತು ಓಣಿ ಸೇರಿತ್ತು. ಮುನಿವೆಂಕಟಪ್ಪನ ಬಲಗಡೆಯ ಜಾಗದಲ್ಲಿ ಯಾರೂ ಕೂರುತ್ತಿರಲಿಲ್ಲ. ನಿಲ್ಲಲಾರದ ರೋಗಿಗಳೂ ನಿಂತೇ ಇರುತ್ತಿದ್ದರು. ಬುಧವಾರ ಆ ಖಾಲಿ ಜಾಗದಲ್ಲಿ ಒಂದು ನಿಂಬೆಹಣ್ಣು ಇತ್ತು. ಶುಕ್ರವಾರ ಕರ್ಪೂರ ಹಚ್ಚಿದ ಕಪ್ಪು ಕಲೆ. ಮುನಿವೆಂಕಟಪ್ಪ ಮಾತ್ರ ಇದ್ಯಾವುದೂ ತನಗೆ ಸಂಬಂಧವಿಲ್ಲದವನಂತೆ ಪೈಪಿಗೆ ಬೆನ್ನು ಕೊಟ್ಟು ಕೂತು, ಸರಿಯಾದ ಹೊತ್ತಿಗೆ ಎದ್ದು ಹೋಗುತ್ತಿದ್ದ. ಗಾಯದ ವಾಸನೆ ಹೋಗಿತ್ತು. ಕೆಂಪಗಿನ ಹೊಸ ಮಾಂಸ ಕಾಣತೊಡಗಿತ್ತು.

ಆಸ್ಪತ್ರೆಯಲ್ಲಿ ಕರ್ಪೂರವೆಂದರೆ ನನಗೆ ಸಿಟ್ಟು ನೆತ್ತಿಗೇರಿತು. ಶನಿವಾರ ಮಧ್ಯಾಹ್ನ ಬಾಗಿಲು ಮುಚ್ಚಿದ ಮೇಲೆ ಬೆಂಚನ್ನು ಗೋಡೆಯಿಂದ ಎಳೆಸಿ ಓಣಿಯ ನಡುವೆ ಹಾಕಿಸಿದೆ. ಪೈಪೂ ಇಲ್ಲ, ಪೆರುಮಾಳೂ ಇಲ್ಲ, ನೋಡೋಣ ಎಂದುಕೊಂಡೆ. ಇವನು ಕಿವುಡ, ಹೋಗಿ ಮುಟ್ಟಿ ಎಬ್ಬಿಸು ಎಂದು ದೊರೆಸ್ವಾಮಿಗೆ ಹೇಳಿದ್ದೆ. ಆದರೆ ಆ ಸೋಮವಾರ ದೊರೆಸ್ವಾಮಿ ರಜೆ ಹಾಕಿ ನೆಂಟರ ಮದುವೆಗೆ ಹೋಗಿದ್ದ. ಬದಲಿಗೆ ಬಂದವನಿಗೆ ಹೇಳಲು ನಾನು ಮರೆತೆ. ಬುಧವಾರದವರೆಗೂ ದೊರೆಸ್ವಾಮಿ ಬರಲಿಲ್ಲ. ನಾನು ಇಂಜೆಕ್ಷನ್ ಕೋಣೆಯಲ್ಲಿ ತಲೆ ತಗ್ಗಿಸಿಕೊಂಡಿದ್ದೆ, ಡ್ರೆಸಿಂಗ್ ರಿಜಿಸ್ಟರನ್ನು ತೆರೆದೂ ನೋಡಲಿಲ್ಲ.

ಬುಧವಾರ ಹನ್ನೆರಡು ಹೊಡೆದ ಮೇಲೆ ಓಣಿಗೆ ಬಂದೆ. ಎಲ್ಲರೂ ಹೋಗಿದ್ದರು. ನಡುವೆ ಇದ್ದ ಬೆಂಚಿನ ಮೇಲೆ ಮುನಿವೆಂಕಟಪ್ಪ ಒಬ್ಬನೇ ಕೂತಿದ್ದ. ಒಂದು ಕೈ ಹಿಂದಕ್ಕೆ ಚಾಚಿ, ಗಾಳಿಯಲ್ಲಿ ಗೋಡೆ ಹುಡುಕುತ್ತಿದ್ದ. ನನ್ನನ್ನು ನೋಡಿ, "ಇವತ್ತೂ ಕರೀಲಿಲ್ಲಮ್ಮಾ ಅವ್ನು," ಎಂದ. ಧ್ವನಿ ಖಾಲಿ ಓಣಿಯಲ್ಲಿ ತಿರುಗಿ ಬಂತು. ಹಣೆ ಮುಟ್ಟಿದೆ, ಸುಡುತ್ತಿತ್ತು. ಪ್ಲಾಸ್ಟರಿನ ಕಿಟಕಿ ತೆರೆದರೆ ಅದೇ ವಾಸನೆ, ಮೊದಲಿಗಿಂತ ಹೆಚ್ಚು. ಸೋಮವಾರದ ಡ್ರೆಸಿಂಗ್, ಮಂಗಳವಾರದ ಎಕ್ಸ್‌ರೇ, ಬುಧವಾರದ ಡ್ರೆಸಿಂಗ್, ಮೂರೂ ತಪ್ಪಿದ್ದವು. ಗಾಯ ತೊಳೆಯುತ್ತಾ ನಾನು ಅತ್ತೆ, ಸಿಸ್ಟರುಗಳು ಅಳಬಾರದೆಂದು ನಮಗೆ ಕಲಿಸಿದ್ದರೂ ಅತ್ತೆ. ಸರ್ಜನ್ ಸಾಹೇಬರು ಬಂದು ನೋಡಿ, "ಸೋಮವಾರದವರೆಗೆ ಕಾಯುತ್ತೇನೆ. ಪ್ರತಿದಿನ ಡ್ರೆಸಿಂಗ್, ಪ್ರತಿದಿನ ಪೆನಿಸಿಲಿನ್. ಇಳಿಯದಿದ್ದರೆ ಟೇಬಲಿಗೆ ತನ್ನಿ," ಎಂದರು.

ವಾರ್ಡಿನಲ್ಲಿ ಹಾಸಿಗೆ ಇರಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೇ ಬಂದು ಬೆಂಚನ್ನು ನಾನೇ ತಳ್ಳಿ ಗೋಡೆಗೆ ಸೇರಿಸಿದೆ. ಎಂಟಕ್ಕೆ ಅವನು ಬಂದ. ಪೈಪು ಬೆನ್ನಿಗೆ ತಾಗಿದಾಗ ಅವನ ಮುಖ ಸಡಿಲವಾಯಿತು. ನಾನು ಅವನ ಬಲಗಡೆ, ಯಾರೂ ಕೂರದ ಜಾಗದಲ್ಲಿ, ಕೂತೆ. ಓಣಿಯ ಜನ ನನ್ನನ್ನೇ ನೋಡುತ್ತಿದ್ದರು. ನಾನೂ ಬೆನ್ನನ್ನು ಪೈಪಿಗೆ ಒರಗಿಸಿದೆ. ಕಬ್ಬಿಣ ತಣ್ಣಗಿತ್ತು.

ಮದುವೆಯಿಂದ ಮರಳಿದ್ದ ದೊರೆಸ್ವಾಮಿ ಚೀಟಿಯ ಕಟ್ಟು ತೆಗೆದುಕೊಂಡ. ನಾಲ್ಕೈದು ಹೆಸರು ಕರೆದ. ಆಮೇಲೆ ನನ್ನ ಭುಜದ ಮೂಳೆಯಲ್ಲಿ ಎರಡು ಬಡಿತ ಬಿದ್ದವು. ಸದ್ದಿಲ್ಲ. ಜನರ ಗುಜುಗುಜು ಹಾಗೇ ಇತ್ತು, ಕಿವಿಗೆ ಏನೂ ಬೀಳಲಿಲ್ಲ, ಮೂಳೆಗೆ ಮಾತ್ರ ಗೊತ್ತಾಯಿತು. ಟಕ್, ಟಕ್. ನಾನು ಉಸಿರು ಬಿಡುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು, ಮೆತ್ತಗೆ. ಪಕ್ಕಕ್ಕೆ ನೋಡಿದೆ. ಮುನಿವೆಂಕಟಪ್ಪನ ಎರಡೂ ಕೈ ಊರುಗೋಲಿನ ಮೇಲಿದ್ದವು. ಅವನು ನನ್ನತ್ತ ತಿರುಗಿ, ನೋಡಿದ್ರಾ ಎಂಬಂತೆ ತಲೆ ತೂಗಿ, ಎದ್ದು ಬಾಗಿಲಿನತ್ತ ಹೋದ.

ನಾನು ಅಲ್ಲೇ ಕೂತಿದ್ದೆ. ನನಗೆ ಹೆದರಿಕೆಯಾದದ್ದು ಬಡಿತಕ್ಕಲ್ಲ. ಕಿವಿ ಸತ್ತವನಿಗೂ ಪೈಪಿನ ಬಡಿತ ಗೊತ್ತಾಗುತ್ತದೆ ಎಂಬುದು ಆ ಕ್ಷಣ ನನಗೆ ಅರ್ಥವಾಯಿತು. ಹಾಗಾದರೆ ಕೆಳಗೆ, ಬಂಡೆಗೆ ಕಾಲು ಸಿಕ್ಕಿ, ಪೈಪಿಗೆ ಒರಗಿ ಬಿದ್ದಿದ್ದಾಗಲೂ ಅವನಿಗೆ ಗೊತ್ತಾಗಿರಬೇಕು. ಅವನು ಬಡಬಡಿಸಿರಲಿಲ್ಲ. ಬುಧವಾರ ಇವನನ್ನು ಹೊರಗೆ ತೆಗೆಯುವವರೆಗೂ ಪೆರುಮಾಳ್ ಬದುಕಿದ್ದ, ಮತ್ತು ಆ ಸುದ್ದಿ ಭೂಮಿಯ ಮೇಲೆ ನನ್ನೊಬ್ಬಳ ಕೈಗೆ ಬಂದಿತ್ತು.

ಪೈಪನ್ನು ಹಿಡಿದುಕೊಂಡು ಓಣಿಯ ಕೊನೆಗೆ ನಡೆದೆ. ಪಾತ್ರೆ ತೊಳೆಯುವ ಕೋಣೆಯಲ್ಲಿ ಆಯಾ ಕುಪ್ಪಮ್ಮ ಕೈಯಲ್ಲೊಂದು ಇಕ್ಕಳ ಹಿಡಿದು ನಿಂತಿದ್ದಳು. ಕಿಟಕಿಯಿಂದ ದೊರೆಸ್ವಾಮಿಯ ಮೇಜು ನೇರವಾಗಿ ಕಾಣುತ್ತಿತ್ತು. ಅವಳು ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತಷ್ಟೇ. ಅವಳು ಪೆರುಮಾಳನ ಹೆಂಡತಿ. ಗಂಡ ಹೋದ ಮೇಲೆ ಅವಳಿಗೆ ಈ ಕೆಲಸ ಕೊಟ್ಟಿದ್ದರು. ಅದು ನನಗೆ ಗೊತ್ತಿದ್ದ ಸಂಗತಿಯೇ. ಗೊತ್ತಿದ್ದೂ ಎರಡನ್ನು ಕೂಡಿಸಿ ನೋಡಿರಲಿಲ್ಲ.

ಅವಳು ಇಕ್ಕಳವನ್ನು ಬೆನ್ನ ಹಿಂದೆ ಮರೆಮಾಡಿ, ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿದಳು: "ಬಯ್ಯಬೇಡಿ ಸಿಸ್ಟರಮ್ಮಾ. ಅವನಿಗೆ ಕಿವಿ ಇಲ್ಲ. ಹೆಸರು ಕೂಗಿದ್ರೆ ಪಾಪ ಬೊಂಬೆ ಮಾದಿರಿ ಕೂತಿದ್ದ. ನಾನ್ ಪೋಯಿ ಮುಟ್ಟಿದ್ರೆ, ಗಂಡ ಸತ್ತೋಳು ಕಣ್ಣೆದುರಿಗೆ ಬಂದ್ಲು ಅಂತ ಜನ ಅಂತಾರೆ. ಅದಕ್ಕೇ ಅವನ ಚೀಟಿ ಮೂಲೆ ಮಡಿಸಿಟ್ಟು, ಅದು ದೊರೆಸ್ವಾಮಿ ಕೈಗೆ ಬಂದ್ರೆ ಇಲ್ಲಿಂದ ತಟ್ತಾ ಇದ್ದೆ. ನಮ್ಮ ಮನೆಯವರು ಪಾಳಿ ಮುಗಿಸಿ ಬಂದ್ರೆ ಬಾಗಿಲು ಹಾಗೇ ತಟ್ತಾ ಇದ್ರು."

"ಯಾಕಮ್ಮ ಇಷ್ಟೆಲ್ಲಾ?" ಎಂದೆ.

"ಎಲ್ಲಾರೂ ಅಂದ್ರು, ಒಳಗಿಂದ ಸತ್ತಮೇ ಇಲ್ಲ, ಸದ್ದೇ ಬರ್ಲಿಲ್ಲ ಅಂತ. ಇವನೊಬ್ಬನೇ ಬಂತು ಅನ್ನೋದು. ಅವನ ಕಾಲು ಹೋದ್ರೆ ಅವನು ಹಳ್ಳಿಗೆ ಹೋಗ್ಬಿಡ್ತಾನೆ. ಆಮೇಲೆ ಅದನ್ನ ಹೇಳೋಕೆ ಇಲ್ಲಿ ಯಾರಿದಾರೆ?"

ನಾನು ಕೇಳಿದೆ: "ಮೂರು ಸಲ ತಟ್ಟುತ್ತೀಯಲ್ಲ, ಮೂರನೆಯದು ಯಾಕೆ ತಡ?"

ಅವಳು ನನ್ನ ಮುಖ ನೋಡಿದಳು. "ಎರಡೇ ತಟ್ಟೋದು ಸಿಸ್ಟರಮ್ಮಾ. ಅವ್ಳೋದಾನ್, ಅಷ್ಟೇ. ಅವರು ಬಾಗಿಲು ಎರಡೇ ತಟ್ತಾ ಇದ್ದದ್ದು."

ಹೊರಗೆ ಯಾರೋ ಕೆಮ್ಮಿದರು. ನಾವಿಬ್ಬರೂ ಪೈಪಿನ ಕಡೆ ನೋಡಲಿಲ್ಲ.

ಶುಕ್ರವಾರ, ಶನಿವಾರ ಅವಳು ತಟ್ಟಿದಳು, ಅವನು ಎದ್ದ, ನಾನೇ ಗಾಯ ತೊಳೆದೆ; ರಜೆಯ ಭಾನುವಾರವೂ ಬಿಡಲಿಲ್ಲ. ಸೋಮವಾರ ಸರ್ಜನ್ ಸಾಹೇಬರು ಕಿಟಕಿ ತೆರೆದು ಬಹಳ ಹೊತ್ತು ನೋಡಿದರು. "ಇರಲಿ," ಎಂದರು. ಅಷ್ಟೇ ಒಂದು ಮಾತು. ನಾನು ಔಷಧದ ಬೀರುವಿನ ಹಿಂದೆ ಹೋಗಿ ಗೋಡೆಗೆ ಹಣೆ ಇಟ್ಟು ನಿಂತೆ.

ಮೂರನೇ ಬಡಿತದ ವಿಷಯ ಪೈಪು ರಿಪೇರಿಯವನನ್ನು ಕೇಳಿದೆ. "ಹಳೇ ಪೈಪು ಸಿಸ್ಟರ್, ಒಳಗೆ ಗಾಳಿ ಸೇರ್ಕೊಂಡ್ರೆ ನೀರು ತಿರುಗಿ ಒಡೀತದೆ," ಎಂದ. ಒಪ್ಪುವಂಥ ಮಾತು. ಒಂದು ಮಧ್ಯಾಹ್ನ ದೊರೆಸ್ವಾಮಿಯನ್ನು ಬೆಂಚಿನ ಮೇಲೆ ಕೂರಿಸಿ, ನಾನೇ ಇಕ್ಕಳದಿಂದ ಇಪ್ಪತ್ತು ಸಲ ಎರಡೆರಡು ತಟ್ಟಿದೆ. ಇಪ್ಪತ್ತು ಸಲವೂ ಎರಡೇ ಎಂದ ಅವನು. ಆಮೇಲೆ ಅವನನ್ನು ಏಳಿಸಲು ಎರಡು ಸಲ ಕರೆಯಬೇಕಾಗಲಿಲ್ಲ.

ಅಕ್ಟೋಬರ್ ಕೊನೆಗೆ ಪ್ಲಾಸ್ಟರು ತೆಗೆದರು. ಕಾಲು ಒಣಕಲಾಗಿತ್ತು, ಆದರೆ ಕಾಲೇ. ಕೊನೆಯ ಎಕ್ಸ್‌ರೇ ಮುಗಿಸಿ, ಒಂದೇ ಕೋಲು ಊರಿಕೊಂಡು ಮುನಿವೆಂಕಟಪ್ಪ ನನ್ನ ಮೇಜಿನ ಹತ್ತಿರ ಬಂದ. ತೂತು ತುಂಬಿದ ಕಾರ್ಡನ್ನು ಮೇಜಿನ ಮೇಲಿಟ್ಟ. ಪಾತ್ರೆ ಕೋಣೆಯ ಕಡೆ ಕಣ್ಣು ತೋರಿಸಿ, ಅವನ ಲೆಕ್ಕದಲ್ಲಿ ಪಿಸುಮಾತು, ಓಣಿಗೆಲ್ಲ ಕೇಳುವಂತೆ ಹೇಳಿದ:

"ಎರಡು ಆ ತಾಯಿದು. ನಂಗೊತ್ತು ಕಣಮ್ಮಾ, ಮೊದಲ್ನೇ ದಿನಾನೇ ಗೊತ್ತು. ಒಂದು ಅವನ್ದು."

ಆಮೇಲೆ ಕೇಳಿದ: "ನಾನ್ ಬಂದ ದಿನ ನಿಮ್ಗೆ ಯೋಳಿದ್ನಲ್ಲ, ಬರ್ಕೊಂಡ್ರಾ ಅದನ್ನ?"

ನಾನು ಹೌದೆಂದು ತಲೆಯಾಡಿಸಿದೆ. ಬರೆದುಕೊಂಡಿದ್ದೆ, ಸುಳ್ಳಲ್ಲ. ಅವನು ಸಮಾಧಾನವಾಗಿ ಹೋದ.

ಅವತ್ತೇ ರೆಕಾರ್ಡ್ ಕೋಣೆಯಿಂದ ಅವನ ಕೇಸ್ ಷೀಟು ತರಿಸಿ, ಕುಪ್ಪಮ್ಮನನ್ನು ಕರೆದೆ. ಗಂಡ ಬದುಕಿದ್ದಾನೆಂಬ ಸುದ್ದಿ ಆ ಬುಧವಾರ ನನಗೆ ಬಂದಿತ್ತೆಂದೂ, ನಾನು ಅದನ್ನು ಯಾರಿಗೂ ಮುಟ್ಟಿಸಲಿಲ್ಲವೆಂದೂ ಹೇಳಿದೆ. ಅವಳು ಕೂಗಾಡುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ನನಗೆ ಒಳ್ಳೆಯದಿತ್ತು. ಅವಳು ಷೀಟಿನ ಮೇಲೆ ಬೆರಳಿಟ್ಟು, "ಏನು ಬರ್ದಿದೀರಾ? ಓದಿ," ಎಂದಳು.

ಓದಿದೆ.

"ಅಪ್ಪಡೀನ್ನಾ?" ಹಾಗಂದರೇನು ಎಂದು ಕೇಳಿದಳು.

"ತಲೆ ಕೆಟ್ಟು ಬಡಬಡಿಸುವುದು ಅಂತ."

ಬಹಳ ಹೊತ್ತು ಅವಳು ಆ ಪದವನ್ನೇ ನೋಡಿದಳು, ಓದಲು ಬರುವವಳಂತೆ. ಸೆರಗಿನಿಂದ ಮೂಗೊರೆಸಿಕೊಂಡಳು. "ಸರಿಯಾಗಿ ಬರೀರಿ ಸಿಸ್ಟರಮ್ಮಾ. ಅವನು ಏನ್ ಹೇಳಿದ್ನೋ ಹಾಗೇ."

ಬರೆದೆ. ನನ್ನ ಪದಕ್ಕೆ ಒಂದು ಗೆರೆ ಎಳೆದು, ಕೆಳಗೆ ಮುನಿವೆಂಕಟಪ್ಪನ ಮಾತನ್ನು ಅವನು ಹೇಳಿದಂತೆಯೇ ಕನ್ನಡದಲ್ಲಿ ಬರೆದು, ತಾರೀಖು ಹಾಕಿ, ಸಹಿ ಮಾಡಿದೆ. ಅವಳ ಕೋರಿಕೆಯ ಮೇಲೆ ಎರಡು ಸಲ ಓದಿ ಹೇಳಿದೆ. ಅವಳು ಎದ್ದು ತನ್ನ ಪಾತ್ರೆಗಳ ಹತ್ತಿರ ಹೋದಳು.

ಆ ಸುದ್ದಿ ಹೋಗಿದ್ದರೆ ಪೆರುಮಾಳ್ ಉಳಿಯುತ್ತಿದ್ದನೇ? ಗಣಿ ಬಲ್ಲವರನ್ನು ಕೇಳಿದ್ದೇನೆ. ಇಲ್ಲ ಎಂದವರಿದ್ದಾರೆ, ನನ್ನ ಮುಖ ನೋಡಿ ಮಾತು ಬದಲಿಸಿದವರೂ ಇದ್ದಾರೆ. ಮುನಿವೆಂಕಟಪ್ಪನಿಗೆ ಗಣಿಯ ದೀಪದ ಕೋಣೆಯಲ್ಲಿ, ನೆಲದ ಮೇಲಿನ ಕೆಲಸ ಸಿಕ್ಕಿತು. ಕುಪ್ಪಮ್ಮ ಆಯಾ ಆಗಿಯೇ ಉಳಿದಳು. ಸಿಕ್ಕಾಗಲೆಲ್ಲ ನನ್ನ ಜೊತೆ ಮಾತಾಡುತ್ತಿದ್ದಳು, ಕ್ಷಮಿಸಿದ್ದೇನೆ ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದಾದ ಮೇಲೆ ಇಪ್ಪತ್ತಾರು ವರ್ಷ ಸಿಸ್ಟರ್ ಆಗಿ ಕೆಲಸ ಮಾಡಿದೆ. ನನ್ನ ಕೈಕೆಳಗೆ ಕಲಿತ ಹುಡುಗಿಯರಿಗೆಲ್ಲ ಒಂದೇ ಪಾಠ ಹೇಳಿದ್ದು: ರೋಗಿ ಏನು ಹೇಳಿದನೋ ಅದನ್ನು ಮೊದಲು ಬರೆಯಿರಿ, ಅದರ ಬಗ್ಗೆ ನಿಮಗೇನನ್ನಿಸಿತೋ ಅದನ್ನು ಆಮೇಲೆ ಬರೆಯಿರಿ, ಜಾಗ ಉಳಿದಿದ್ದರೆ. ಕೆಲವರು ಆ ಕಥೆ ಕೇಳಿ, ಮೂರನೇ ಬಡಿತ ಯಾರದು ಸಿಸ್ಟರ್ ಎಂದು ಪೀಡಿಸುತ್ತಿದ್ದರು. ಗೊತ್ತಿಲ್ಲ. ಆ ಗುರುವಾರ ಬೆಳಿಗ್ಗೆ ಅದು ನನ್ನ ಭುಜಕ್ಕೆ ಬಿತ್ತು, ಎರಡಾದ ಮೇಲೆ ತಡೆದು ಬಿತ್ತು, ಮೆತ್ತಗೆ ಬಿತ್ತು. ಈ ಸಲ ಹಾಗೆಯೇ ಬರೆದಿಟ್ಟಿದ್ದೇನೆ.